ಮೂರನೇ ಕೂಗು

ಒಂಬತ್ತು ದಿನ ನನ್ನ ಮೈಯ ಒಂದು ಪಾಲು ನನ್ನನ್ನು ಬಿಟ್ಟು ಬೇರೆ ಊರಿನಲ್ಲಿತ್ತು. ಸತ್ತಿರಲಿಲ್ಲ. ಗಾಜಿನ ತಟ್ಟೆಯಲ್ಲಿ ಉಣ್ಣುತ್ತ, ಬೆಳೆಯುತ್ತ, ಪಾಠ ಕಲಿಯುತ್ತ ಇತ್ತು. ನಾನು ಇತ್ತ ಇಳಕಲ್ಲಿನಲ್ಲಿ ರೊಟ್ಟಿ ಬಡಿಯುತ್ತ, ಬಸ್ಸು ಹಿಡಿದು ಹುನಗುಂದದ ಶಾಲೆಗೆ ಹೋಗಿ ಬರುತ್ತ ಇದ್ದೆ. ಈ ಮಾತು ಹೇಳಿದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಮ್ಮ ಮನೆಯವರ ಮುಖ ನೋಡುತ್ತಾರೆ. ಬೇನೆ ತಲೆಗೂ ಏರಿತೇನು ಎಂದು ಕೇಳುವ ಧೈರ್ಯ ಇಲ್ಲದೆ ಚಹಾ ಕುಡಿದು ಎದ್ದು ಹೋಗುತ್ತಾರೆ.

ಹೋದ ತಿಂಗಳು ಅಮೀನಗಡದಿಂದ ಒಬ್ಬ ಹೆಣ್ಣುಮಗಳು ಹುಡುಕಿಕೊಂಡು ಬಂದಿದ್ದಳು. ಅವಳಿಗೂ ಈಗ ನನ್ನದೇ ಬೇನೆ. ಔಷಧ ಯಾವುದು, ಡಾಕ್ಟರು ಯಾರು ಎಂದು ಕೇಳಲಿಲ್ಲ. "ಅಕ್ಕೋರ, ಕಾಯೂದು ಹೆಂಗ್ರಿ? ನೀವು ಹೆಂಗ ಕಾದ್ರಿ?" ಎಂದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ಮೂರನೇ ಇಯತ್ತೆಯ ಐವತ್ತು ಮಕ್ಕಳನ್ನು ಬಾಯಿಂದಲೇ ಕಟ್ಟಿಹಾಕುವವಳು ನಾನು. ಅವಳೆದುರು ನಾಲಿಗೆ ಹೊರಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದುಡ್ಡಿನ ಮಾತು ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಕಟ. ಯಾರಿಗೂ ಹೇಳದೆ ಉಳಿದದ್ದನ್ನು ಬರೆಯುತ್ತೇನೆ.

ನನ್ನ ಹೆಸರು ಕಸ್ತೂರಿ. ಈ ಕಥೆಗೆ ಹೆಸರು ಮುಖ್ಯ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಸೀರೆ ನೇಯುವವರು. ಮನೆಯ ಹಿಂದಿನ ಕೋಣೆಯಲ್ಲಿ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಸೊಂಟದವರೆಗೆ ಇಳಿದು ಕುಳಿತು ನೇಯಬೇಕು. ಹೊಸದಾಗಿ ಮದುವೆಯಾಗಿ ಬಂದಾಗ, ನೆಲದಿಂದ ಅರ್ಧ ಮನುಷ್ಯ ಎದ್ದು ನಿಂತ ಹಾಗೆ ಕಂಡು ಚೀರಿದ್ದೆ. ಅದನ್ನು ಹೇಳಿಕೊಂಡು ಅತ್ತೆ ನೀಲವ್ವ ಇಂದಿಗೂ ನಗುತ್ತಾರೆ.

ಬೇನೆ ಗೊತ್ತಾದದ್ದು ಶಾಲೆಯಲ್ಲಿ. ಮೂತ್ರ ಕೆಂಪಗೆ ಹೋಯಿತು. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದೆ, ಅದರದ್ದೇ ಬಣ್ಣ ಎಂದುಕೊಂಡೆ. ಒಂದು ವಾರ ಬೀಟ್‌ರೂಟ್ ಮುಟ್ಟಲಿಲ್ಲ. ಬಣ್ಣ ಹೋಗಲಿಲ್ಲ. ಬಾಗಲಕೋಟೆಯಲ್ಲಿ ಡಾಕ್ಟರು ಫೋಟೋ ತೆಗೆಸಿ, ಎಡಗಡೆಯ ಮೂತ್ರಪಿಂಡದಲ್ಲಿ ಗಡ್ಡೆ ಇದೆ, ತೆಗೆಯಬೇಕು ಎಂದರು. ತೆಗೆದರು. ಒಂದೂವರೆ ವರ್ಷ ಚೆನ್ನಾಗಿದ್ದೆ. ಮತ್ತೆ ಕೆಮ್ಮು ಶುರುವಾಯಿತು. ಈ ಸಲದ ಫೋಟೋದಲ್ಲಿ ಬಲಗಡೆಯ ಶ್ವಾಸಕೋಶದಲ್ಲಿ ಎರಡು ಬಿಳಿ ಚುಕ್ಕೆ, ಕಡಲೆಕಾಳಿನಷ್ಟು. ಡಾಕ್ಟರು ಅವುಗಳನ್ನು ಪೆನ್ನಿನ ತುದಿಯಿಂದ ತೋರಿಸಿದರು. ನಾನು ಮಕ್ಕಳ ಕಾಪಿಯಲ್ಲಿ ತಪ್ಪಿಗೆ ಸುತ್ತು ಹಾಕುವುದೂ ಹಾಗೆಯೇ. ನನಗೆ ಯಾಕೋ ಭಾಳ ಸಿಟ್ಟು ಬಂತು.

ಆಗ ಹೊಸ ಚಿಕಿತ್ಸೆಯ ಮಾತು ಬಂತು. ಡೆಂಡ್ರೈಟಿಕ್ ಕಣಗಳ ಚಿಕಿತ್ಸೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ನಮ್ಮ ಓಣಿಗೆ ಆಗಷ್ಟೇ ಮೊಬೈಲು ಬಂದಿದ್ದ ಕಾಲ. ಡಾಕ್ಟರು ಸುಳ್ಳು ಭರವಸೆ ಕೊಡುವ ಮನುಷ್ಯ ಅಲ್ಲ.

"ಅಕ್ಕೋರ, ಇದು ಹೊಸಾದು. ಹತ್ತತೈತಿ ಅಂತ ನಾ ಹೇಳಂಗಿಲ್ಲ. ನಿಮ್ಮ ರಕ್ತದಾಗಿನ ಕೆಲವು ಕಣ ಹೊರಗ ತೆಗೀತಾರ. ದೂರದ ಶಹರದಾಗ ಒಂದು ಲ್ಯಾಬ್ ಐತಿ, ಅಲ್ಲೆ ಅವನ್ನ ಬೆಳಸ್ತಾರ. ನಿಮ್ಮ ಗಡ್ಡಿ ಗುರುತು ಅವಕ್ಕ ಕಲಸ್ತಾರ. ಕಲ್ತ ಮ್ಯಾಲ ವಾಪಸ್ ನಿಮ್ಮ ಮೈಯಾಗ ಬಿಡ್ತಾರ. ಅವು ಹೋಗಿ ಉಳದ ಕಣಕ್ಕ ಗಡ್ಡಿ ಹೊಡ್ಯಾಕ ಕಲಸ್ತಾವ."

"ಅಂದ್ರ ಸಾಲಿಗಿ ಕಳಸೂದು" ಎಂದೆ.

"ಹಾಂ, ಹಂಗs ಅನ್ರಿ."

"ಪಾಠ ಹೇಳಾಕ ಮಾಸ್ತರು ಯಾರ್ರಿ?"

"ನಿಮ್ಮ ಗಡ್ಡೀನ" ಎಂದರು. ಆಪರೇಶನ್ನಿನಲ್ಲಿ ತೆಗೆದ ಗಡ್ಡೆಯ ತುಣುಕೊಂದನ್ನು ಮೇಣದಲ್ಲಿ ಹುದುಗಿಸಿ ದವಾಖಾನೆಯ ಕಪಾಟಿನಲ್ಲಿ ಇಟ್ಟಿರುತ್ತಾರಂತೆ. ಆ ತುಣುಕೂ ಲ್ಯಾಬಿಗೆ ಹೋಗಬೇಕಂತೆ. ಒಂದೂವರೆ ವರ್ಷ ನಾನು ಹೋಯಿತು, ಸುಟ್ಟುಹೋಯಿತು ಎಂದುಕೊಂಡದ್ದು ಬಾಗಲಕೋಟೆಯ ಕಪಾಟಿನಲ್ಲಿ ನಂಬರು ಅಂಟಿಸಿಕೊಂಡು ಕುಳಿತಿತ್ತು.

ಮರುದಿನ ಅದನ್ನು ಪಡೆದು ನಮ್ಮ ಮನೆಯವರು ಮನೆಗೆ ತಂದರು, ಯಾಕೆಂದರೆ ಲ್ಯಾಬಿನ ಮನುಷ್ಯ ಬರುವುದು ಅದರಾಚೆಯ ದಿನ. ಪ್ಲಾಸ್ಟಿಕ್ ಚೀಲದೊಳಗೆ ಸವೆದ ಸಾಬೂನಿನ ಚೂರಿನಂಥ ಮೇಣ, ಅದರ ನಡುವೆ ಕಂದು ಬಣ್ಣದ ಒಂದು ಕಲೆ. ಅತ್ತೆ ಬಾಗಿಲಲ್ಲೇ ಅಡ್ಡ ನಿಂತರು.

"ಅದನ್ನ ಅಡಗಿಮನಿಯೊಳಗ ಒಯ್ಯಬ್ಯಾಡ. ದೇವರ ಜಗಲಿ ಮ್ಯಾಗೂ ಬ್ಯಾಡ. ಹಾಸಿಗಿ ಹತ್ರ ಬ್ಯಾಡ."

"ಮತ್ತೆಲ್ಲೆ ಇಡ್ಲಿ? ತಲಿ ಮ್ಯಾಲ?" ಎಂದರು ಇವರು.

ಕೊನೆಗೆ ಅದು ಮಗ್ಗದ ಕುಣಿಯೊಳಗೆ, ಗೋಡೆಯಲ್ಲಿದ್ದ ಸಣ್ಣ ಗೂಡಿನಲ್ಲಿ ಕುಳಿತಿತು. ಅಲ್ಲಿ ತಂಪಾಗಿರುತ್ತದೆ ಎಂಬ ನೆಪ. ಇಡೀ ದಿನ ಇವರು ಅದರ ಪಕ್ಕದಲ್ಲೇ ಕಾಲು ಇಳಿಬಿಟ್ಟು ಸೀರೆ ನೇಯ್ದರು. ನಾನು ಚಹಾ ಕೊಡಲು ಹೋದಾಗ ಗೂಡಿನ ಕಡೆ ನೋಡಬಾರದು ಎಂದು ನಿಶ್ಚಯಿಸಿಕೊಂಡೇ ಹೋಗುತ್ತಿದ್ದೆ, ಪ್ರತಿ ಸಲವೂ ನೋಡುತ್ತಿದ್ದೆ. ಅದೂ ನಾನೇ ಅಲ್ಲವೇ ಎಂಬ ವಿಚಾರ ತಲೆಗೆ ಹೊಕ್ಕಿತ್ತು. ನನ್ನನ್ನು ಕೊಲ್ಲಲಿಕ್ಕೆ ಎದ್ದದ್ದೂ ನಾನೇ, ಅದನ್ನು ನೋಡಿ ಕಲಿಯಲಿಕ್ಕೆ ಹೊರಟದ್ದೂ ನಾನೇ.

ಆಮೇಲೆ ಬಾಗಲಕೋಟೆಯಲ್ಲಿ ರಕ್ತ ತೆಗೆದರು. ಅದು ಮತ್ತು ಮೇಣದ ತುಣುಕು ಒಂದೇ ಪೆಟ್ಟಿಗೆಯಲ್ಲಿ ಹೋದವು. ಒಂಬತ್ತು ದಿನದ ಕಾಯುವಿಕೆ ಅಲ್ಲಿಂದ ಶುರು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಕರೆಯುವವರ ಮುಖ ಕಾಣದಿದ್ದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೊಡಬಾರದು. ಮೂರನೆಯ ಸಲ ಕೂಗಿದರೆ ಮಾತ್ರ "ಓ" ಅನ್ನಬೇಕು. "ಮನಷ್ಯಾರಾದ್ರ ಮೂರನೇ ಸಲ ಕೂಗ್ತಾರ. ಮನಷ್ಯಾರಲ್ಲದ್ದು ಎರಡಕ್ಕ ನಿಂದರತೈತಿ. ಮೂರನೇದು ಅದಕ್ಕ ಬರಂಗಿಲ್ಲ" ಎಂದು ಅತ್ತೆ ನಾನು ಬಂದ ವಾರದಲ್ಲೇ ಕಲಿಸಿದ್ದರು. ಎರಡು ಕೂಗಿಗೆ ಓಗೊಟ್ಟವರ ಹೆಸರನ್ನು ಅದು ಹೊತ್ತುಕೊಂಡು ಹೋಗುತ್ತದಂತೆ. ನಮ್ಮ ಮನೆಯವರದು ಬೇರೆ ತರ್ಕ. "ಓಣಿ ತುಂಬ ಮಗ್ಗ ಬಡ್ಯಾಕತ್ತಿರ್ತಾವ. ಮೊದಲಿನ ಎರಡು ಕೂಗು ಯಾರಿಗಿ ಕೇಳ್ತಾವ? ಅದಕ್ಕ ಹಿರ್ಯಾರು ಒಂದು ಶಾಸ್ತ್ರ ಮಾಡಿಟ್ರು, ಅಷ್ಟs." ನಾನು ಎರಡನ್ನೂ ನಂಬಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಒಂದೇ ಕೂಗು. "ಹಾಜರ್ರಿ" ಎನ್ನದವನ ಮುಂದೆ ಗೈರು ಬರೆದು ಮುಂದಿನ ಹೆಸರಿಗೆ ಹೋಗುವವಳು ನಾನು. ಆದರೆ ಮನೆಯಲ್ಲಿ ಇಪ್ಪತ್ತು ವರ್ಷ ಮಾಡಿದ್ದು ಮೈಗೆ ಅಂಟಿಕೊಂಡಿತ್ತು. ನಂಬಿಕೆ ಬೇರೆ, ರೂಢಿ ಬೇರೆ.

ಆರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಸದ್ದಿನಲ್ಲೇ ಬದುಕುವ ಓಣಿ ಆ ದಿನ ಕಿವಿ ಕಿತ್ತಿಟ್ಟ ಹಾಗೆ ಇರುತ್ತದೆ. ರವಿವಾರವಾದ್ದರಿಂದ ಶಾಲೆಯೂ ಇರಲಿಲ್ಲ. ಇವರು ಪೇಟೆಗೆ ಹೋಗಿದ್ದರು, ಅತ್ತೆ ಗುಡಿಗೆ ಹೋಗಿದ್ದರು. ಮಧ್ಯಾಹ್ನ ಮೂರರ ಹೊತ್ತು. ಪಡಸಾಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದೆ.

"ಕಸ್ತೂರೀ."

ಹಿಂದಿನ ಕೋಣೆಯಿಂದ ಬಂತು. ಕೈ ನಿಂತಿತು.

"ಕಸ್ತೂರೀ."

ಹೆಂಗಸಿನ ಧ್ವನಿ. ಗುರುತಿದೆ, ಆದರೆ ಯಾರದೆಂದು ತಿಳಿಯುತ್ತಿಲ್ಲ. ಒಮ್ಮೆ ಶಾಲೆಯ ಕಾರ್ಯಕ್ರಮದಲ್ಲಿ ನನ್ನ ಭಾಷಣವನ್ನು ಟೇಪು ಮಾಡಿ ನನಗೇ ಕೇಳಿಸಿದ್ದರು. ಇದು ನಾನಲ್ಲ ಎಂದು ಜಗಳವಾಡಿದ್ದೆ. ಆ ಧ್ವನಿ ಅದು.

ಮೂರನೆಯದಕ್ಕೆ ಕಾದೆ. ಎಷ್ಟು ಹೊತ್ತು ಕಾದೆನೋ ತಿಳಿಯದು. ಮರದ ಮೇಲೆ ಕೂತ ಕಾಗೆ ಕೂಡ ಒದರಲಿಲ್ಲ. ಕೊನೆಗೆ ಎದ್ದು ಹೋಗಿ ನೋಡಿದೆ. ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆ, ಕೆಳಗೆ ಖಾಲಿ ಕುಣಿ, ಕುಣಿಯಲ್ಲಿ ಖಾಲಿ ಗೂಡು. ಮೈಯಲ್ಲಿ ಏನೋ ಒಂದು ಕಡಿಮೆ ಇದೆ ಎಂದು ಆಗ ಖರೆಯಾಗಿ ಅನ್ನಿಸಿತು. ಪೆಟ್ಟಿಗೆಯಲ್ಲಿ ಹೋದದ್ದು ದಾರಿ ತಪ್ಪಿ ಮನೆಗೆ ಬಂದು ಕರೆಯುತ್ತಿದೆಯೇ? ಅದು ನನ್ನನ್ನು ಹುಡುಕುತ್ತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕುಳಿತದ್ದು ಸರಿಯೇ? ಅತ್ತೆ ಬಂದ ಮೇಲೆ ಹೇಳಿದೆ. ಅವರು ನಗಲಿಲ್ಲ.

"ಓ ಅಂದ್ಯೇನ?"

"ಇಲ್ಲ."

"ಚಲೋ ಮಾಡಿದಿ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನನಗೆ ಮೊದಲ ಸಲ ಅಳು ಬಂತು, ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಸಾಯಲು ಅಂಜಿಕೆ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದ್ದು ಅವರಿಗೊಬ್ಬರಿಗೇ.

ಒಂಬತ್ತನೆಯ ದಿನ ಪೆಟ್ಟಿಗೆ ಬಂತು. ಲ್ಯಾಬಿನ ಮನುಷ್ಯ ಹುಬ್ಬಳ್ಳಿಯವರೆಗೆ ತಂದುಕೊಡುತ್ತಿದ್ದ. ಅಲ್ಲಿಂದ ಬಾಗಲಕೋಟೆಗೆ ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಮನೆಯವರು ತಂದರು. ನಾನು ಇಳಕಲ್ಲಿನಿಂದ ಮುಂಜಾನೆಯ ಬಸ್ಸಿಗೆ ಹೊರಟು, ಅಮೀನಗಡದಲ್ಲಿ ಬಸ್ಸು ನಿಂತಾಗ ಒಂದು ಪೊಟ್ಟಣ ಕರದಂಟು ಕೊಂಡು, ಅವರಿಗಿಂತ ಮೊದಲೇ ದವಾಖಾನೆ ಮುಟ್ಟಿದ್ದೆ. ಅವರು ಬಂದಾಗ ಕೈಯಲ್ಲಿ ಒಂದಲ್ಲ, ಎರಡು ಪೆಟ್ಟಿಗೆ. ಎರಡೂ ಬಿಳಿ ಥರ್ಮಾಕೋಲಿನವು, ಒಂದೇ ಅಳತೆಯವು.

"ಇನ್ನೊಬ್ರು ಪೇಶಂಟರದ್ದು. ಅವರ ಮನಿಯವರು ಹುಬ್ಬಳ್ಳಿಗಿ ಬರಾಕ ಆಗಿಲ್ಲಂತ. ನೀವ ಒಯ್ರಿ ಅಂದಾ ಅಂವ" ಎಂದರು. "ಎರಡೂ ಒಂದs ಥರಾ ಬರದೈತಿ, ಇಂಗ್ಲಿಷು. ನಮ್ಮದು ಯಾವುದಂತ ಅಂವನ ತೋರಿಸಿದಾ, ಅದಕ್ಕ ಗುರುತು ಮಾಡೇನಿ, ನೋಡು." ಸೆರಗಿಗೆ ಬಳಸುವ ಕೆಂಪು ರೇಷ್ಮೆಯ ಎಳೆಗಳನ್ನು ಹುರಿ ಮಾಡಿ ಹಿಡಿಕೆಗೆ ಕಟ್ಟಿದ್ದರು. ನೇಕಾರನ ಗಂಟು, ಎಳೆದರೂ ಬಿಚ್ಚುವುದಿಲ್ಲ. ಅವರಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷು ಬರುವುದಿಲ್ಲ. ಒಂದೇ ಥರ ಬರೆದದ್ದು ಯಾಕೆ ಎಂದು ಅಕ್ಕೋರಾದ ನಾನಾದರೂ ಓದಿ ನೋಡಬೇಕಿತ್ತು. ಓದಲಿಲ್ಲ. ಅವರು ಸಿಸ್ಟರಿನ ಕೈಗೆ ಎರಡೂ ಪೆಟ್ಟಿಗೆ ಕೊಟ್ಟು, ಕಾಗದಪತ್ರ ತೋರಿಸಲು ಕೆಳಗಿನ ಆಫೀಸಿಗೆ ಹೋದರು.

ಕಾಯುವ ಕೋಣೆಯಲ್ಲಿ ನನ್ನ ಪಕ್ಕದಲ್ಲಿ ಐವತ್ತರ ಸುಮಾರಿನ ಒಬ್ಬ ಹೆಂಗಸು. ರಕ್ತ ಕೊಡಲು ಬಂದ ದಿನವೂ ಇದ್ದಳು. ದವಾಖಾನೆಯಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ, ಊರು ಕೇಳುತ್ತಾರೆ, ಬೇನೆ ಕೇಳುತ್ತಾರೆ. ಅವಳು ನನಗೆ ಬದಾಮಿಯಾಕಿ, ನಾನು ಅವಳಿಗೆ ಇಳಕಲ್ಲ ಅಕ್ಕೋರು. ಕರದಂಟಿನ ತುಂಡು ಕೊಟ್ಟೆ. "ಹಲ್ಲು ಅಲ್ಲಾಡಾಕತ್ತಾವ, ನೀ ಇದ್ದಬಿದ್ದ ಹಲ್ಲೂ ಕೀಳಸ್ತಿ" ಎಂದು ನಕ್ಕು ಬಾಯಿಗೆ ಹಾಕಿಕೊಂಡಳು. ಅವಳಿಗೆ ಗರ್ಭಕೋಶದ ಪಕ್ಕದ ಅಂಡಾಶಯದಲ್ಲಿ ಗಡ್ಡೆಯಾಗಿ ಹೊಟ್ಟೆಗೆಲ್ಲ ಹರಡಿತ್ತು. ಹೇಳುವಾಗ ಮಾತ್ರ ಬದಾಮಿಯ ಸಂತೆಯ ಸುದ್ದಿ ಹೇಳಿದ ಹಾಗೆ ಹೇಳಿದ್ದಳು.

ಕೋಣೆಯ ಕೊನೆಗೆ ಒಂದು ಹಸಿರು ಪರದೆ. ಅದರ ಹಿಂದೆ ಸೂಜಿ ಹಾಕುವ ಜಾಗ.

ಪರದೆಯ ಹಿಂದಿನಿಂದ, ಮುಖ ಕಾಣದೆ, ಒಂದು ಧ್ವನಿ ಬಂತು. "ಕಸ್ತೂರೀ."

ಅದು ಸಿಸ್ಟರು ಎಂದು ಬುದ್ಧಿಗೆ ಗೊತ್ತು. ಆದರೆ ಅಮಾವಾಸ್ಯೆಯ ಮಧ್ಯಾಹ್ನದ ಎಳೆತವೇ ಅದರಲ್ಲಿತ್ತು. ತುಟಿ ಅಂಟಿಕೊಂಡವು.

"ಕಸ್ತೂರೀ."

ಮೂರನೆಯದು ಬರಲಿ, ಏಳುತ್ತೇನೆ ಎಂದುಕೊಂಡೆ. ಮೂರನೆಯದು ಬರಲಿಲ್ಲ. ಯಾಕೆಂದರೆ ಬದಾಮಿಯಾಕಿ "ಬಂದೆ ಬಂದೆ" ಎನ್ನುತ್ತ ಎದ್ದು, ಸೆರಗು ಸರಿಮಾಡಿಕೊಂಡು ಪರದೆಯೊಳಗೆ ಹೋದಳು.

ಮೊದಲು ನನಗೆ ಏನೂ ಅರ್ಥವಾಗಲಿಲ್ಲ. ನನ್ನ ಹೆಸರು ಕರೆದರೆ ಅವಳು ಹೋಗುತ್ತಾಳಲ್ಲ ಎಂದು ಬೆಪ್ಪಾಗಿ ನೋಡಿದೆ. ಒಂದು ಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅವಳು ಮನುಷ್ಯಳೇ ಅಲ್ಲವೇನೋ, ಒಂಬತ್ತು ದಿನದಲ್ಲಿ ಬೆಳೆದ ನಾನೇ ಇರಬೇಕು ಎಂದೂ ಅನ್ನಿಸಿತು. ಆಮೇಲೆ ಬುದ್ಧಿ ಮೆಲ್ಲಗೆ ತಿರುಗಿತು. ಅವಳ ಹೆಸರೂ ಕಸ್ತೂರಿ. ಎರಡು ಪೆಟ್ಟಿಗೆಯ ಮೇಲೆ ಒಂದೇ ಥರ ಬರೆದದ್ದು ಅದಕ್ಕೆ.

ಗಾಳಿಗೆ ಪರದೆಯ ಅಂಚು ಸರಿಯಿತು. ಅವಳ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಮುಚ್ಚಳ ತೆಗೆದ ಪೆಟ್ಟಿಗೆ. ಹಿಡಿಕೆಯಲ್ಲಿ ಕೆಂಪು ರೇಷ್ಮೆ.

ನನ್ನದು ಅದು. ನನ್ನ ಮೈಯಿಂದ ಹೋಗಿ, ನನ್ನ ಗಡ್ಡೆಯನ್ನು ನೋಡಿ ಕಲಿತು ಬಂದದ್ದು. ಬೇರೆಯವರ ಮೈಯಲ್ಲಿ ಅದಕ್ಕೆ ಅರ್ಥವಿಲ್ಲ, ಅದು ಅಲ್ಲೇ ಸತ್ತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನ ರಕ್ತ ಮೊದಲೇ ಕಡಿಮೆ, ಇನ್ನೊಮ್ಮೆ ಅಷ್ಟು ತೆಗೆಯಲು ಆಗಲಿಕ್ಕಿಲ್ಲ ಎಂದೂ ಹೇಳಿದ್ದರು. ಏಳಬೇಕು ಎಂದರೆ ಕಾಲು ಏಳವು. ಇಪ್ಪತ್ತು ವರ್ಷದ ರೂಢಿ ಗಂಟಲಲ್ಲಿ ಕೂತು, ಮೂರನೆಯದು ಆಗಿಲ್ಲ, ಓಗೊಡಬೇಡ ಎನ್ನುತ್ತಿತ್ತು. ಇಲ್ಲಿ ಮೂರನೆಯ ಸಲ ಕೂಗುವವರು ಯಾರೂ ಉಳಿದಿರಲಿಲ್ಲ.

ಆಗ ನಾನೇ ಕೂಗಿದೆ. ಮೂರನೇ ಇಯತ್ತೆಯ ಹಾಜರಿಯ ಧ್ವನಿಯಲ್ಲಿ, ಇಡೀ ದವಾಖಾನೆಗೆ ಕೇಳಿಸುವ ಹಾಗೆ, ನನ್ನ ಹೆಸರನ್ನು ನಾನೇ ಕೂಗಿದೆ. "ಕಸ್ತೂರೀ!" ಕೂಗಿ, ಉಸಿರು ಬಿಡದೆ ನಾನೇ ಉತ್ತರ ಕೊಟ್ಟೆ. "ಹಾಜರ್ರಿ!"

ಕೋಣೆಯ ಜನರೆಲ್ಲ ಹುಚ್ಚು ಹಿಡಿಯಿತು ಎಂದುಕೊಂಡಿರಬೇಕು. ಕಾಲಿಗೆ ಜೀವ ಬಂತು. ಪರದೆ ಸರಿಸಿ ಒಳಗೆ ನುಗ್ಗಿದೆ. ಸಿಸ್ಟರು ಎರಡನೆಯ ಸೂಜಿಯನ್ನು ಎತ್ತಿಕೊಂಡಿದ್ದರು. ಒಟ್ಟು ನಾಲ್ಕು ಸಣ್ಣ ಸೂಜಿ, ಚರ್ಮದ ಕೆಳಗೆ ನಾಲ್ಕು ಕಡೆ ಹಾಕುವುದು. ಒಂದು ಆಗಲೇ ಬದಾಮಿಯಾಕಿಯ ತೋಳಿನೊಳಗೆ ಹೋಗಿತ್ತು.

"ಅದು ನಂದ್ರಿ. ಕೆಂಪ ರೇಷ್ಮಿ ನಂದು" ಎಂದೆ.

ಸಿಸ್ಟರು ಚೀಟಿಯ ನಂಬರು ನೋಡಿದರು, ಮತ್ತೊಮ್ಮೆ ನೋಡಿದರು. ಮುಖ ಸುಣ್ಣವಾಯಿತು. "ಎರಡ ಸಲ ಕರದೆನ್ರಿ ಅಕ್ಕೋರ. ನೀವ್ಯಾಕ ಓ ಅನ್ಲಿಲ್ಲ?" ಎಂದು ಅಳುವ ಧ್ವನಿಯಲ್ಲಿ ಕೇಳಿದರು. ನಂಬರು ನೋಡದ್ದು ಅವರ ತಪ್ಪು, ಬಾಯಿ ಮುಚ್ಚಿಕೊಂಡದ್ದು ನನ್ನ ತಪ್ಪು. ಡಾಕ್ಟರು ಓಡಿ ಬಂದರು. ಉಳಿದ ಮೂರು ಸೂಜಿ ನನಗೆ ಹಾಕಿದರು. ಬದಾಮಿಯಾಕಿಗೆ ಅವಳ ಪೆಟ್ಟಿಗೆಯದು ಹಾಕಿ, ಒಂದು ದಿನ ಅಲ್ಲೇ ಇರಿಸಿಕೊಂಡು ನೋಡಿದರು. ತೋಳಿನಲ್ಲಿ ಲಿಂಬೆಕಾಯಿಯಷ್ಟು ಕೆಂಪು ಬಾವು ಬಂತು, ಬೇರೆ ಏನೂ ಆಗಲಿಲ್ಲ. ಡಾಕ್ಟರು ಇಬ್ಬರಿಗೂ ಕೈಮುಗಿದರು. ನಾನು ಅವಳ ಕೈ ಹಿಡಿದು ಅತ್ತುಬಿಟ್ಟೆ. ನನ್ನ ಮೂರ್ಖತನದಿಂದ ಅವಳಿಗೆ ಏನಾದರೂ ಆಗಿದ್ದರೆ ಎಂಬ ಅಂಜಿಕೆ ನನ್ನ ಬೇನೆಯ ಅಂಜಿಕೆಗಿಂತ ದೊಡ್ಡದಾಗಿತ್ತು.

ಅವಳು ಮಾತ್ರ ತೋಳು ನೀವಿಕೊಳ್ಳುತ್ತ ನಗುತ್ತಿದ್ದಳು. "ಅಳತಿ ಯಾಕ? ನಿನ್ನ ಪಾಲು ಒಂಚೂರು ನನ್ನ ಕಡೆ ಬಂತು, ಅಷ್ಟs. ನಾ ಏನ್ ನುಂಗಿ ನೀರು ಕುಡಿಯಂಗಿಲ್ಲ. ಒಂದಿನ ಬದಾಮಿಗಿ ಬಂದು ಇಸ್ಕೊಂಡು ಹೋಗು."

ಹದಿನೈದು ದಿನಕ್ಕೊಮ್ಮೆ ಸೂಜಿ, ಅದೇ ರಕ್ತದಿಂದ ಬೆಳೆಸಿ ಲ್ಯಾಬಿನಲ್ಲಿ ಉಳಿಸಿಟ್ಟದ್ದು ಬರುತ್ತಿತ್ತು. ಆಮೇಲಿನ ಸಲವೆಲ್ಲ ಒಂದೇ ದಿನ ಬರುವ ಹಾಗೆ ಇಬ್ಬರೂ ಮಾತಾಡಿಕೊಂಡೆವು. ಹೆಸರಿನ ಜೊತೆ ಊರು ಸೇರಿಸಿ ಕರೆಯಿರಿ ಎಂದು ಸಿಸ್ಟರಿಗೆ ನಾನೇ ಪಾಠ ಹೇಳಿದೆ. ಪರದೆಯ ಹೊರಗೆ ಬಂದು, ಮುಖ ತೋರಿಸಿ ಕರೆಯಿರಿ ಎಂದೂ ಹೇಳಿದೆ. ಅವರು ಪಾಪ, ಹಾಗೆಯೇ ಮಾಡಿದರು. ಸೂಜಿ ಹಾಕಿದ ರಾತ್ರಿ ಜ್ವರ, ಮೈಕೈ ನೋವು. ಅತ್ತೆ ಅಕ್ಕಿಗಂಜಿ ಕುಡಿಸಿ ಕಾಲು ಒತ್ತುತ್ತಿದ್ದರು. "ಬಂದಾವ, ತಮ್ಮ ತಮ್ಮ ಜಾಗ ಹುಡಕಾಕತ್ತಾವ, ಗದ್ಲ ಮಾಡ್ತಾವ" ಎಂದು ಅವರೇ ಅರ್ಥ ಹೇಳುತ್ತಿದ್ದರು. ಡಾಕ್ಟರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಬದಾಮಿಯಾಕಿಯ ತೋಳಿನ ಬಾವು ಇಳಿಯಿತು, ಆದರೆ ರೂಪಾಯಿಯಗಲದ ಒಂದು ಕೆಂಪು ಗುರುತು ಉಳಿಯಿತು. ಮೂರನೆಯ ಸೂಜಿಗೆ ಬಂದ ದಿನ ಅವಳು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು. "ಹೋದ ಮಂಗಳವಾರ ಮಧ್ಯಾಹ್ನ ಇದು ಭಾಳ ಕಡೀತು. ನೀ ಆಗ ಏನ್ ಮಾಡಾಕತ್ತಿದ್ದಿ?"

ನೆನಪು ಮಾಡಿಕೊಂಡೆ. ಹೋದ ಮಂಗಳವಾರ ಮಧ್ಯಾಹ್ನ ಪಾಠದ ನಡುವೆ ನನಗೆ ತಡೆಯಲಾರದ ಅಳು ಬಂದು, ಮಕ್ಕಳಿಗೆ ಕಾಣದ ಹಾಗೆ ಹಲಗೆಯ ಕಡೆ ಮುಖ ಮಾಡಿ ನಿಂತಿದ್ದೆ. ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಲಿಲ್ಲ. "ನಿದ್ದಿ ಮಾಡಾಕತ್ತಿದ್ದೆ" ಎಂದೆ.

"ಸುಳ್ಳ ಹೇಳತಿ ಅಕ್ಕೋರ ಆಗಿ" ಎಂದು ಅವಳು ನನ್ನ ಕೈ ಮೇಲೆ ಕೈಯಿಟ್ಟಳು.

ಐದನೆಯ ಸೂಜಿಗೆ ಅವಳು ಬರಲಿಲ್ಲ. ಕಾಯುವ ಕೋಣೆಯಲ್ಲಿ ಅವಳ ಜಾಗವನ್ನು ನಾನು ಸಂಜೆಯವರೆಗೆ ಚೀಲ ಇಟ್ಟು ಹಿಡಿದೆ. ಸಿಸ್ಟರು ಹೊರಗೆ ಬಂದು, ನನ್ನ ಮುಖ ನೋಡಿ, ಹೆಸರು ಕೂಗದೆಯೇ ಒಳಗೆ ಕರೆದುಕೊಂಡು ಹೋದರು. ಆರನೆಯ ಸೂಜಿಯ ದಿನ ಅವಳ ತಮ್ಮ ಫೈಲು ಒಯ್ಯಲು ಬಂದಿದ್ದ. ಹೊಟ್ಟೆಯಲ್ಲಿ ನೀರು ತುಂಬಿತಂತೆ. ಬದಾಮಿಯ ಆಚೆ, ಗುಡ್ಡದ ಬುಡದ ತಮ್ಮ ಹೊಲದಲ್ಲೇ ಮಣ್ಣು ಕೊಟ್ಟರಂತೆ. "ಇಳಕಲ್ಲ ಅಕ್ಕೋರು ಬಂದ್ರ ಜಾಗಾ ತೋರಸು ಅಂದಾಳ್ರಿ. ಆಕೀಗಿ ಏನೋ ಕೊಡೂದೈತಂತ" ಎಂದ.

ಚುಕ್ಕೆಗಳು ಬೆಳೆಯಲಿಲ್ಲ. ಆರು ತಿಂಗಳ ಮೇಲೆ ತೆಗೆಸಿದ ಫೋಟೋದಲ್ಲಿ ಒಂದು ಸಣ್ಣದಾಗಿತ್ತು, ಇನ್ನೊಂದು ಇದ್ದಷ್ಟೇ ಇತ್ತು. ಇಂದಿಗೂ ಇವೆ. ನಾನು ಉಳಿದದ್ದು ಈ ಚಿಕಿತ್ಸೆಯಿಂದಲೇ ಎಂದು ಹೇಳಲಾರೆ, ಡಾಕ್ಟರೂ ಹೇಳುವುದಿಲ್ಲ. ಅದೇ ಚಿಕಿತ್ಸೆ ಅವಳಿಗೂ ಆಯಿತು. ನಾನು ಇದ್ದೇನೆ, ಅವಳಿಲ್ಲ. ಇದರಲ್ಲಿ ನ್ಯಾಯ ಹುಡುಕುವುದನ್ನು ಬಿಟ್ಟಿದ್ದೇನೆ. ಅಮೀನಗಡದ ತಂಗಿ, ನೀನೂ ಹುಡುಕಬೇಡ.

ಆದರೆ ಅಮಾವಾಸ್ಯೆಯ ಮಧ್ಯಾಹ್ನ, ಓಣಿಯ ಮಗ್ಗಗಳು ನಿಂತಾಗ, ಹಿಂದಿನ ಕೋಣೆಯಿಂದ ಆಗಾಗ ಎರಡು ಕೂಗು ಬರುತ್ತಿದ್ದವು. ಎಲ್ಲ ಅಮಾವಾಸ್ಯೆಗೂ ಅಲ್ಲ. ಮೂರನೆಯದು ಎಂದೂ ಬರಲಿಲ್ಲ. ನನ್ನ ಒಂದು ಪಾಲು ಹಿಂತಿರುಗಿ ಬಂದಿಲ್ಲ, ಅದು ಬದಾಮಿಯ ಮಣ್ಣಿನಲ್ಲಿದೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ. ಕೊನೆಗೆ ಒಂದು ದಿನ ಇವರನ್ನು ಕರೆದುಕೊಂಡು ಹೊರಟೆ.

ರಸ್ತೆಯಿಂದಲೇ ಕೈ ಮಾಡಿ ಜಾಗ ತೋರಿಸಿ ಅವಳ ತಮ್ಮ ಬೇರೆ ಕೆಲಸಕ್ಕೆ ಹೋದ. ಬಸ್ಸು ಬಂದರೆ ನಿಲ್ಲಿಸಬೇಕು ಎಂದು ಇವರು ರಸ್ತೆಯ ಬೇವಿನ ಮರದ ಕೆಳಗೆ ಕುಳಿತರು. ನಾನೊಬ್ಬಳೇ ಹೊಲಕ್ಕೆ ಇಳಿದೆ. ಶೇಂಗಾ ಕಿತ್ತ ಹೊಲ, ಬಿಸಿಲಿಗೆ ಮಣ್ಣು ಬಿರಿದಿತ್ತು. ಎದುರಿಗೆ ಕೆಂಪು ಬಂಡೆಯ ಗುಡ್ಡ ಗೋಡೆಯ ಹಾಗೆ ಎದ್ದಿತ್ತು. ಬದುವಿನ ಪಕ್ಕದಲ್ಲಿ ಕಲ್ಲು ಜೋಡಿಸಿದ ಒಂದು ದಿಬ್ಬ. ಹೂವು, ಕುಂಕುಮ, ಒಂದು ಪೊಟ್ಟಣ ಕರದಂಟು ಇಟ್ಟೆ. ಏನು ಹೇಳಬೇಕೋ ತಿಳಿಯಲಿಲ್ಲ. ಬಂದಿದ್ದೇನೆ ಎಂದು ತಿಳಿಸಬೇಕಲ್ಲ, ಹೆಸರು ಹಿಡಿದು ಕರೆದೆ.

"ಕಸ್ತೂರೀ."

ಗುಡ್ಡದಿಂದ ಅದು ತಿರುಗಿ ಬಂತು. ಬದಾಮಿಯ ಬಂಡೆಗಳು ಕೂಗಿದ್ದನ್ನು ಮರಳಿ ಕೊಡುತ್ತವೆ, ಇದರಲ್ಲಿ ಆಶ್ಚರ್ಯವಿಲ್ಲ. ಇನ್ನೊಮ್ಮೆ ಕರೆದೆ. ಅದೂ ತಿರುಗಿ ಬಂತು. ಮೂರನೆಯ ಸಲಕ್ಕೆ ಬಾಯಿ ತೆರೆದು ಮುಚ್ಚಿದೆ. ಮೂರನೆಯದನ್ನು ಕೂಗಿದರೆ ಅವಳು ಓಗೊಡಲೇಬೇಕಾಗುತ್ತದೆ. ದಣಿದು ಮಲಗಿದವಳನ್ನು ಎಬ್ಬಿಸುವುದು ಯಾಕೆ? ಪಾಲು ಇಸ್ಕೊಂಡು ಹೋಗಲು ಬಂದವಳು, ಇರಲಿ ಬಿಡು, ನಿನ್ನ ಹತ್ತಿರವೇ ಇರಲಿ ಎಂದು ಮನಸ್ಸಿನಲ್ಲೇ ಹೇಳಿ ತಿರುಗಿದೆ.

ನಾಲ್ಕು ಹೆಜ್ಜೆ ಇಟ್ಟಿದ್ದೆ.

"ಕಸ್ತೂರೀ."

ಬೆನ್ನ ಹಿಂದಿನಿಂದ ಬಂತು. ನಾನು ಕೂಗಿ ಬಹಳ ಹೊತ್ತಾಗಿತ್ತು. ಮಾರ್ದನಿ ಅಷ್ಟು ಹೊತ್ತು ಕಾಯುವುದಿಲ್ಲ, ಮೂರನೇ ಇಯತ್ತೆಯ ಮಕ್ಕಳಿಗೆ ನಾನೇ ಕಲಿಸುತ್ತೇನೆ. ಆದರೆ ಈ ಸಲ ತುಟಿ ಅಂಟಿಕೊಳ್ಳಲಿಲ್ಲ. ಹಿಂತಿರುಗಿ ನೋಡದೆಯೇ "ಓ" ಎಂದೆ. ದೊಡ್ಡದಾಗಿ, ಹೊಲದ ತುಂಬ ಕೇಳಿಸುವ ಹಾಗೆ ಅಂದೆ.

ರಸ್ತೆಗೆ ಬಂದಾಗ ಇವರು ಬೇವಿನ ಬೇರಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. ಎಬ್ಬಿಸಿ ಕೇಳಿದೆ.

"ನೀವು ಕರದ್ರೇನ್ರಿ?"

"ನಾ ಯಾಕ ಕರೀಲಿ? ಬಸ್ ಬಂತೇನ?" ಎಂದು ಗಾಬರಿಯಾಗಿ ಎದ್ದು ಕುಳಿತರು.

ಅದಾದ ಮೇಲೆ ಅಮಾವಾಸ್ಯೆಯ ಮಧ್ಯಾಹ್ನಗಳಲ್ಲಿ ನಮ್ಮ ಮನೆಯ ಹಿಂದಿನ ಕೋಣೆ ಸುಮ್ಮನಿದೆ. ಆ ದಿನ ಬದಾಮಿಯಿಂದ ಊರಿಗೆ ಬಂದು ಕಾಲು ತೊಳೆದು ಒಳಗೆ ಹೋದಾಗ ಅತ್ತೆ ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದರು. ನಡೆದದ್ದನ್ನು ಹೇಳಿದೆ. ಅವರ ಕೈ ನಿಂತಿತು.

"ಎಷ್ಟ ಸಲ ಕೂಗಿತು?"

"ಎರಡು ನಾ ಕೂಗಿದ್ದು. ಮೂರನೇದು ಅಲ್ಲಿಂದ ಬಂತು."

ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. "ಮೂರನೇದಂದ್ರ ಮನಷ್ಯಾಳs ಬಿಡು" ಎಂದು ಮತ್ತೆ ರಾಟೆ ತಿರುಗಿಸತೊಡಗಿದರು.